ಗೊರಬು ಹೊದ್ದ ದೀಪ

ವಂಡ್ಸೆ ದಾರಿಯ ತಿರುವಿಗೆ ಒಂದು ದೀಪ ಬೇಕೆಂದು ನೆರೆಮನೆಯ ಅಕ್ಕು ದೊಡ್ಡಮ್ಮ ಮೂರು ವರ್ಷ ಪಂಚಾಯಿತಿಯ ಮೆಟ್ಟಿಲು ಸವೆಸಿದ್ದಳು. ಅರ್ಜಿ ಬರೆದ ಪಾಪಿ ನಾನೇ. ಕತ್ತಲಾದ ಮೇಲೆ ಬಸ್ಸಿಳಿದು ಬರುವ ಹೆಣ್ಣುಮಕ್ಕಳಿಗೆ ಹಾವು ಕಾಣಬೇಡವೇ? 2007ರ ಮಳೆಗಾಲದಲ್ಲಿ ಕಂಬ ಬಂತು, ಅವಳ ಗದ್ದೆಯಂಚಿಗೇ.

ದೊಡ್ಡಮ್ಮನಿಗೆ ಇದ್ದದ್ದು ಒಂದೇ ಗದ್ದೆ. ಮದುವೆಯಾಗಿ ಬಂದಂದಿನಿಂದ ಅದೇ ಹಳೇ ತಳಿಯ ಭತ್ತ. ನವರಾತ್ರಿಯಲ್ಲಿ ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಹೊಸ್ತಿಗೆ ಕೇರಿಯ ಹನ್ನೊಂದು ಮನೆಗೂ ಕದಿರು ಹೋಗುವುದು ಅಲ್ಲಿಂದಲೇ. ಬಾಗಿಲು, ಬಾವಿ, ನೇಗಿಲು ಎಂದು ಮನೆಗೆ ಉಪಕಾರ ಮಾಡುವ ಎಲ್ಲಕ್ಕೂ ಅದನ್ನು ಕಟ್ಟಬೇಕು. ಅವಳಿಗೆ ಅದರಷ್ಟು ಹೆಮ್ಮೆ ಬೇರೊಂದಿರಲಿಲ್ಲ. ಆ ವರ್ಷ ಅಕ್ಕಪಕ್ಕದ ಗದ್ದೆಗಳು ತೆನೆಯ ಹೊಡೆ ತುಂಬಿ ನಿಂತರೂ ಅವಳ ಪೈರು ತೆನೆಯ ಸುಳಿವಿಲ್ಲದೆ ಸೊಕ್ಕಿ ಬೆಳೆಯುತ್ತಲೇ ಇತ್ತು.

“ಯಾರೋ ಕಣ್ಣ್ ಹಾಕಿರ್,” ಎಂದಳು.

ಕೃಷಿ ಓದುತ್ತಿದ್ದ ಮೊಮ್ಮಗಳು ವಿನಯಾ ರಜೆಗೆ ಬಂದವಳು ಪೈರಿಗಿಂತ ಮೊದಲು ಕಂಬ ನೋಡಿದಳು.

“ಅಮ್ಮಮ್ಮ, ಭತ್ತದೊಳ್ಗೆ ಜೀನ್‌ಗಳ ಒಂದ್ ಕುಟುಂಬ ಇತ್ತ್. ಅಕ್ಕ ‘ಬೆಳಿ, ಬೆಳಿ’ ಹೇಳತ್ತ್. ತಂಗಿ ‘ಸಾಕ್, ಹೂ ಬಿಡ್’ ಹೇಳತ್ತ್. ರಾತ್ರಿ ಉದ್ದ ಇದ್ರೆ ಮಾತ್ರ ತಂಗಿ ಬಾಯಿ ಬಿಡುದ್. ನಿನ್ನ ದೀಪ ರಾತ್ರಿ ಆಪುಕೇ ಬಿಡ್ತಿಲ್ಲ.”

“ಹಂಗಾರೆ ಕಣ್ಣ್ ಹಾಕ್ದವ್ಳ್ ನಾನೇಯಾ?”

ನನಗೆ ನಗು ತಡೆಯಲಾಗಲಿಲ್ಲ. “ದೀಪ ಬೇಡ ಅಂದೇಳಿ ಇನ್ನೊಂದ್ ಅರ್ಜಿ ಬರಿಲಾ?” ಎಂದೆ.

“ಹೆಣ್ಮಕ್ಳ್ ಹಾವ್ ಮೆಟ್ಲಿ ಅಂದಾ? ಬಾಯ್ ಮುಚ್ಚ್!” ಗದರುತ್ತಲೇ ಅವಳ ಕಣ್ಣು ತುಂಬಿತು. ಹೊಸ್ತಿಗೆ ಒಂದೇ ತಿಂಗಳಿತ್ತು.

ಮರುದಿನ ದೊಡ್ಡಮ್ಮ ನಾಟಿಯ ಮಳೆಗೆ ಬೆನ್ನಿಗೆ ಹೊದೆಯುವ ಎಲೆಯ ಗೊರಬು ಹಿಡಿದು ಬಂದಳು. ಲೈನ್‌ಮನ್ ಸೋಮನನ್ನು ಕಂಬ ಹತ್ತಿಸಿದಳು.

“ಹ್ವಾಯ್ ಸೋಮಾ, ಗದ್ದೆ ಬದಿಗೆ ಕಟ್ಟ್! ದಾರಿಗೆ ಬೆಳಕ್ ಬೀಳ್ಲಿ, ಭತ್ತ ನಿದ್ರಿ ಮಾಡ್ಲಿ.”

ಕೇರಿಗೆ ಕೇರಿಯೇ ನಕ್ಕಿತು. ದೀಪಕ್ಕೆ ಥಂಡಿಯಾ ಎಂದು ಕೇಳಿದವನು ನಾನು. ಅವಳು ದಿನವೂ ಗದ್ದೆಗಿಳಿದು ಪೈರಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು.

ಹೊಸ್ತಿನ ಬೆಳಿಗ್ಗೆ ಮನೆಮನೆಗೂ ಹೋದಳು. ಹಿಂದೆಲ್ಲ ಹಿಡಿ ತುಂಬ ಕೊಡುತ್ತಿದ್ದವಳು ಈ ಸಲ ಕೊಟ್ಟದ್ದು ಒಂದೊಂದೇ ತೆನೆ, ಅದೂ ಎಳೆಯದು. ಯಾರೂ ಕಮ್ಮಿಯೆನ್ನಲಿಲ್ಲ. ಕೊನೆಗೆ ನಮ್ಮಲ್ಲಿಗೆ ಬಂದಾಗ ಅವಳ ಕೈಯಲ್ಲಿ ಎರಡಿದ್ದವು.

“ಒಂದ್ ನಿಮ್ಗೆ. ಇನ್ನೊಂದ್ ಕಂಬಕ್ಕೆ ಕಟ್ಟುಕೆ. ಬಾ.”

“ಬೆಳೆ ಕೆಡ್ಸಿದ ಕಂಬಕ್ಕಾ?”

“ಮಕ್ಳನ್ನ ಮನೆ ಮುಟ್ಸತ್ತಲ್ದಾ ಮಾರಾಯಾ,” ಎಂದಳು. “ಈ ವರ್ಷದಿಂದ ಹನ್ನೆರಡ್ ಮನೆ.”