ರೌನೊನ ನಾಲ್ಕನೆಯ ರೈಫಲ್

ರೌನೊನ ಬೀರುವಿನಲ್ಲಿ ಮೂರು ರೈಫಲ್‌ಗಳಿದ್ದವು. ಮೂರನ್ನು ಕಂಡರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲನೆಯದನ್ನು ಮೂವತ್ತು ವರ್ಷ ಹೆಗಲಿಗೇರಿಸಿಕೊಂಡು ತಿರುಗಿದ್ದ. ಈಗ ಅದರ ನಳಿಗೆ ಸವೆದಿದೆಯಂತೆ. ಎರಡನೆಯದರ ಹಿಡಿ ಭುಜಕ್ಕೆ ಸರಿಯಾಗಿ ಕೂರುವುದಿಲ್ಲವಂತೆ. ಮೂರನೆಯದು ಕರಡಿಯನ್ನೂ ಅಡ್ಡ ಮಲಗಿಸುತ್ತದೆ ಎಂದು ಅಂಗಡಿಯವನು ಹೊಗಳಿ ಕೊಟ್ಟದ್ದು. ಗುರಿ ಹಿಡಿಯಲು ಅದರ ಮೇಲೆ ಕೂರಿಸಿದ ದುರ್ಬೀನಿನಲ್ಲೇ ಏನೋ ಐಬು. ಈ ಕತೆಯನ್ನು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಕೇಳಿದವರು ಸುಮ್ಮನೆ ಕೇಳಿಸಿಕೊಂಡು ಹೋಗುತ್ತಿದ್ದರೇ? ಪ್ರತಿಯೊಬ್ಬನೂ ಒಂದೊಂದು ಹೊಸ ರೈಫಲ್ಲಿನ ಹೆಸರು ಹೇಳಿ, ಇನ್ನೂ ದೊಡ್ಡದು ತಗೋ ಎಂದು ಬೆನ್ನು ತಟ್ಟಿ ಹೋಗುತ್ತಿದ್ದ. ಸೌನಾದ ಬಿಸಿ ಹಬೆಯಲ್ಲಿ ಬೆತ್ತಲೆ ಕೂತವನನ್ನೂ ಜನ ಬಿಡುತ್ತಿರಲಿಲ್ಲ.

ರೌನೊ ದಿಮ್ಮಿ ಲಾರಿ ಓಡಿಸಿ ನಿವೃತ್ತನಾದವನು. ಪಕ್ಕದ ಮರದ ತೊಗಟೆಗೆ ಗೀರು ಬೀಳದ ಹಾಗೆ ದಿಮ್ಮಿಯನ್ನು ಕ್ರೇನಿನಲ್ಲಿ ಎತ್ತಿ ಲಾರಿಗೆ ಹಾಕುತ್ತಿದ್ದ ಕೈ ಅದು. ಹಲ್ಲು ನೋವನ್ನೂ ಬಾಯಿಬಿಟ್ಟು ಹೇಳಿಕೊಳ್ಳುವ ಆಸಾಮಿಯಲ್ಲ. ನಾಲ್ಕು ವರ್ಷದ ಹಿಂದೆ, ದಿನ್ನೆಯ ಮೇಲೆ ನಿಂತಿದ್ದ ಮೂಸ್ ಎಂಬ ದೈತ್ಯ ಕಡವೆಗೆ ಕೆಳಗಿನಿಂದ ಗುಂಡು ಹೊಡೆದ ದಿನ, ಹುಬ್ಬು ಒಡೆದು ಮುಖವೆಲ್ಲ ರಕ್ತ ಮಾಡಿಕೊಂಡು ಮನೆಗೆ ಬಂದಿದ್ದ. "ಕೊಂಬೆ ತಾಗ್ತು" ಎಂದಷ್ಟೇ ಹೇಳಿದ. ಹೆಂಡತಿ ಹಿಲ್ಕ ಗಾಯ ತೊಳೆದು ಪಟ್ಟಿ ಹಾಕಿದಳು. ಆ ವರ್ಷದಿಂದಲೇ ರೈಫಲ್‌ಗಳು ಒಂದೊಂದಾಗಿ ಕೆಡಲು ಶುರುವಾದವು.

ಅವನ ಅಪ್ಪ ಕೂತು ಬೇಟೆಯಾಡಿದ ಜಾಗ ಜೌಗಿನ ಅಂಚಿನಲ್ಲಿತ್ತು, ಒಂದು ಹಳೆಯ ಪೈನ್ ಮರದ ಬುಡದಲ್ಲಿ. ಅಲ್ಲಿ ಕೂರಲು ಅಪ್ಪ ಹಲಗೆಯೊಂದನ್ನು ಹೊಡೆದಿದ್ದ. ಅದು ಕೊಳೆತಾಗ ರೌನೊ ಹೊಸದು ಹೊಡೆದ. ಊರಿನ ಬೇಟೆಗುಂಪಿನಲ್ಲಿ ಎಲ್ಲರಿಗೂ ಗೊತ್ತು, ಬೇಟೆನಾಯಿಗಳಿಗೆ ಹೆದರಿ ಮೂಸ್ ಓಡಿದರೆ ಮೊದಲು ಹೊರಬೀಳುವುದು ಅಲ್ಲೇ. ಆದರೆ ಗುರಿ ಪರೀಕ್ಷೆಯಲ್ಲಿ ಪಾಸಾಗದವನಿಗೆ ಜಾಗವಿಲ್ಲ. ಎಪ್ಪತ್ತೈದು ಮೀಟರ್ ದೂರದ ಮೂಸ್ ಚಿತ್ರಕ್ಕೆ ನಾಲ್ಕು ಗುಂಡು, ನಾಲ್ಕೂ ಊಟದ ತಟ್ಟೆಯಷ್ಟಗಲದ ವೃತ್ತದೊಳಗೆ ಬೀಳಬೇಕು. ತಪ್ಪಿದವನು ಕೋಲು ಹಿಡಿದು ಜೌಗಿನಲ್ಲಿ ಕೂಗುತ್ತ ಪ್ರಾಣಿ ಎಬ್ಬಿಸಬೇಕು. ಅಪ್ಪನ ಹಲಗೆಯ ಮೇಲೆ ಬೇರೆ ಯಾವನೋ ಕೂತು ಕಾಫಿ ಕುಡಿಯುವುದನ್ನು ನೆನೆದರೆ ರೌನೊನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಅವನ ಹಳೆಯ ಪಾಸಿನ ಅವಧಿ ಈ ವರ್ಷ ಮುಗಿದಿತ್ತು, ಆಗಸ್ಟಿನಲ್ಲಿ ಪರೀಕ್ಷೆಗೆ ಹೋಗಿ ತಪ್ಪಿದ. ಸಿಟ್ಟಿನಲ್ಲಿ ಮರುದಿನವೇ ಕಾಯಾನಿ ಪೇಟೆಯ ಅಂಗಡಿಗೆ ಕಾರು ತಿರುಗಿಸಿದ. ಅಂಗಡಿಯವನು ಬೇಸಿಗೆಯಲ್ಲೂ ಉಣ್ಣೆ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೇ ಇರುವ ಮಾತಿನ ಮಲ್ಲ. ರೌನೊ ಗೋಡೆಯ ಕೊನೆಯಲ್ಲಿದ್ದ ಹಗುರ ರೈಫಲ್ಲೊಂದನ್ನು ಎತ್ತಿಕೊಂಡ. ಅದು ತಾನೂ ಬೇಟೆಗೆ ಹೋಗುತ್ತಿದ್ದ ಹಿಲ್ಕಳ ರೈಫಲ್ಲಿನ ಜಾತಿಯದೇ, ಸಣ್ಣ ತೋಟಾದ್ದು. ಭುಜಕ್ಕೆ ಇಟ್ಟುಕೊಂಡರೆ ಮೈಗೆ ಹಿತವೆನಿಸಿತು.

"ಹೆಂಡ್ತಿಗಾ?" ಎಂದ ಅಂಗಡಿಯವನು.

ಅಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ರೌನೊ ಕೈ ಸುಟ್ಟುಕೊಂಡವನಂತೆ ರೈಫಲ್ಲನ್ನು ವಾಪಸ್ಸಿಟ್ಟ.

"ಸುಮ್ನೆ ನೋಡ್ದೆ ಕಣಯ್ಯಾ. ನಂಗೆ ಬೇಕಾಗಿರೋದು ಗಟ್ಟಿ ಮಾಲು."

"ಹಂಗನ್ನಿ ಮತ್ತೆ! ನಿಮ್ಮಂಥೋರ ಕೈಗೆ ಇದು ಆಟದ ಸಾಮಾನು. ನಿಮ್ಮ ದೊಡ್ಡದಕ್ಕೆ ಹೊಸ ದುರ್ಬೀನು ಹಾಕ್ಕೊಡ್ತೀನಿ, ಆಮೇಲೆ ನೋಡಿ ಮಜಾ."

ಹೊಸ ದುರ್ಬೀನು ಬಂತು. ಮಜಾ ಬರಲಿಲ್ಲ. ಮುಂದಿನ ಪರೀಕ್ಷೆಯ ದಿನ ಮೊದಲ ಗುಂಡು ಚಿತ್ರದ ಹೊಟ್ಟೆಗೆ, ಎರಡನೆಯದು ಕಾಲಿಗೆ, ಉಳಿದೆರಡು ಹಿಂದಿನ ಮರಳಿಗೆ. ಗುಂಪಿನ ನಾಯಕ ಇಲ್ಮರಿ ಹಣೆ ಚಚ್ಚಿಕೊಂಡ.

"ಇನ್ನೊಂದೇ ಪರೀಕ್ಷೆ ಉಳಿದಿರೋದು ರೌನೊ, ಶನಿವಾರ. ಆಮೇಲೆ ನನ್ನ ಕೈಲೇನಿಲ್ಲ. ಆ ಪೈನ್ ಮರದ ಜಾಗಾನ ಬೇರೆಯವರಿಗೆ ಕೊಡ್ಬೇಕಾಗುತ್ತೆ."

"ನನ್ನದೇನು ತಪ್ಪು? ಈ ದರಿದ್ರ ಕೋವಿ ಎಡಕ್ಕೆ ಹೊಡೆಯುತ್ತೆ! ಬೇಕಾದ್ರೆ ನೀನೇ ಹೊಡ್ದು ನೋಡು."

ಇಲ್ಮರಿ ಹೊಡೆದು ನೋಡಿದ. ಮೂರು ತೂತು ಒಂದರ ಮಗ್ಗುಲಲ್ಲಿ ಒಂದು ಬಿದ್ದವು. ಅವನು ರೈಫಲ್ಲನ್ನು ಮೇಜಿನ ಮೇಲಿಟ್ಟ. ರೌನೊನಿಗೆ ಅದನ್ನೆತ್ತಿ ಮರಳಿನ ಗುಂಡಿಗೆ ಎಸೆಯಬೇಕೆನಿಸಿತು.

ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತಿದ್ದ ಹಿಲ್ಕ ಎದ್ದು ಬಂದಳು. ಅವಳ ಪರೀಕ್ಷೆ ಬೆಳಿಗ್ಗೆಯೇ ಮುಗಿದಿತ್ತು. ಗಂಡ ಇಪ್ಪತ್ತು ವರ್ಷದಿಂದ ಸೊಳ್ಳೆಬ್ಯಾಟು ಎಂದು ಹಂಗಿಸುತ್ತ ಬಂದಿದ್ದ ಅವಳ ಸಣ್ಣ ರೈಫಲ್ ನಾಲ್ಕನ್ನೂ ವೃತ್ತದ ನಡುವೆ ಇಟ್ಟಿತ್ತು.

"ತಾ ಇಲ್ಲಿ, ತೋಟಾ ನಾನು ತುಂಬಿ ಕೊಡ್ತೀನಿ. ನಿಧಾನವಾಗಿ ಹೊಡಿ" ಎಂದಳು.

ರೌನೊ ಗುರಿಯಿಟ್ಟ. ಮೊದಲ ಗುಂಡು ಹಾರಿತು, ಮರಳೆದ್ದಿತು. ಮತ್ತೆ ಗುರಿಯಿಟ್ಟು ಟ್ರಿಗರ್ ಎಳೆದ. ಟಿಕ್ ಎಂದಿತು, ಅಷ್ಟೇ. ಎರಡನೆಯದಾಗಿ ಹಿಲ್ಕ ತುಂಬಿದ್ದು ಮದ್ದಿಲ್ಲದ ಅಭ್ಯಾಸದ ತೋಟಾ. ಆದರೆ ಗುಂಡು ಹಾರದಿದ್ದರೂ ರೈಫಲ್ಲಿನ ಮೂತಿ ದಬಕ್ಕನೆ ನೆಲಕ್ಕೆ ಬಾಗಿತು. ಅವನ ಭುಜ ಮುಂದಕ್ಕೆ ನುಗ್ಗಿತು. ಮುಖ ಹಿಂಡಿಕೊಂಡಿತ್ತು, ಕಣ್ಣೆರಡೂ ಬಿಗಿಯಾಗಿ ಮುಚ್ಚಿದ್ದವು. ಗುಂಡು ಹಾರುವಾಗ ರೈಫಲ್ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತ ಬರುವ ಮೊದಲೇ ಅವನ ಮೈ ಬೆದರಿತ್ತು.

ಬೆಂಚಿನ ಮೇಲಿದ್ದವರು ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಹಗುರಾಗುತ್ತಿದ್ದ. ಇಲ್ಮರಿ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ, ಅದು ಬಿಚ್ಚಿರಲೇ ಇಲ್ಲ.

ಮನೆಯ ದಾರಿಯಲ್ಲಿ ಕಾರಿನೊಳಗೆ ರೌನೊ ಕಿಡಿಕಾರಿದ.

"ಎಲ್ಲರೆದುರಿಗೂ ನನ್ನ ಮಾನ ಕಳೆದ್ಯಲ್ಲೇ! ಮನೇಲಿ ಹೇಳೋಕೆ ಆಗ್ತಿರ್ಲಿಲ್ವಾ?"

"ಮನೇಲಿ ಹೇಳಿದ್ರೆ ನೀನು ಇನ್ನೊಂದು ರೈಫಲ್ ತರ್ತಿದ್ದೆ."

"ನಂಗೇನು ಹೆದರಿಕೆ ಅಂದ್ಕೊಂಡ್ಯಾ?"

"ಹುಬ್ಬು ಒಡ್ಕೊಂಡು ಬಂದ ದಿನದಿಂದ ಹೆದರಿಕೆ. ಕೊಂಬೆ ತಾಗಿದ್ರೆ ಗಾಯ ಅರ್ಧಚಂದ್ರದ ಹಾಗಿರುತ್ತಾ? ರೈಫಲ್ ಒದ್ದಾಗ ದುರ್ಬೀನಿನ ಅಂಚು ಬಡಿದ ಗಾಯ ಅದು ಅಂತ ಬೇಟೆ ಆಡೋ ಯಾರಿಗೆ ಗೊತ್ತಾಗಲ್ಲ ಹೇಳು."

ರೌನೊ ರಸ್ತೆ ಬದಿಗೆ ಕಾರು ನಿಲ್ಲಿಸಿದ. "ಇಲ್ಮರಿಗೂ ಗೊತ್ತಾ?"

"ಇಲ್ಮರಿಗೂ ಗೊತ್ತು, ಉಳಿದೋರಿಗೂ ಗೊತ್ತು. ನೀನು ಕೊಂಬೆ ಅಂದೆ, ಅವ್ರೂ ಕೊಂಬೆ ಅಂದ್ರು."

ನಾಲ್ಕು ವರ್ಷ ತಾನು ಊರಿಗೆಲ್ಲ ಹೇಳಿದ ಐಬಿನ ಕತೆಗಳು, ಅದಕ್ಕೆ ಅವರು ತಲೆದೂಗುತ್ತ ಕೊಟ್ಟ ಸಲಹೆಗಳು ಒಂದೊಂದೇ ನೆನಪಾಗಿ ಅವನಿಗೆ ಕಿವಿ ಬಿಸಿಯಾಯಿತು. ಹಿಲ್ಕಳ ಮೇಲೆ, ಇಲ್ಮರಿಯ ಮೇಲೆ, ತನ್ನ ಹುಬ್ಬಿನ ಮೇಲೆ ಸಿಟ್ಟು ಬಂತು. ಎರಡು ದಿನ ಹಿತ್ತಿಲಲ್ಲಿ ಸೌದೆ ಒಡೆಯುತ್ತಲೇ ಕಳೆದ.

ಶನಿವಾರ ಬೆಳಿಗ್ಗೆ ಅವನು ಬೀರುವಿನ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು, ಗೋಡೆ ನೋಡುತ್ತ ಕೇಳಿದ.

"ನಿನ್ನ ಸೊಳ್ಳೆಬ್ಯಾಟು ಕೊಡ್ತೀಯಾ?"

"ಅದಕ್ಕೊಂದು ಹೆಸರಿದೆ."

"ನಿನ್ನ ರೈಫಲ್ ಕೊಡ್ತೀಯಾ?"

ಕೊಟ್ಟಳು. ಗುಂಡು ಹಾರಿದಾಗ ಅದು ಭುಜವನ್ನು ಮೆಲ್ಲಗೆ ತಳ್ಳಿತು, ಅಷ್ಟೆ. ಮೊದಲನೆಯದಕ್ಕೆ ಅವನ ಕಣ್ಣು ಅರ್ಧ ಮುಚ್ಚಿತ್ತು, ಕೊನೆಯದಕ್ಕೆ ಪೂರ್ತಿ ತೆರೆದಿತ್ತು. ನಾಲ್ಕೂ ವೃತ್ತದೊಳಗೆ. ಒಂದು ಮಾತ್ರ ವೃತ್ತದ ಗೆರೆಯ ಮೇಲೆ ಕೂತಿತ್ತು, ಇಲ್ಮರಿ ಕನ್ನಡಕ ಹಾಕಿ ನೋಡಿ ಒಳಗೇ ಇದೆ ಎಂದ. ಪೈನ್ ಮರದ ಜಾಗ ರೌನೊನದಾಗಿಯೇ ಉಳಿಯಿತು.

ಖುಷಿಪಡಲು ಹಿಲ್ಕ ಬಿಡಬೇಕಲ್ಲ. "ಪರೀಕ್ಷೆಗೆ ಕೊಟ್ಟೆ. ಬೇಟೆಗೆ ಕೊಡಲ್ಲ. ರಸ್ತೆ ತಿರುವಿನ ಜಾಗ ನಂದು, ಅಲ್ಲಿ ನಾನು ಕೋಲು ಹಿಡ್ಕೊಂಡು ಕೂರ್ಲಾ?"

ಹಾಗಾಗಿ ಸೋಮವಾರ ರೌನೊ ಮೂರೂ ರೈಫಲ್‌ಗಳನ್ನು ಕಾರಿನಲ್ಲಿ ಹಾಕಿಕೊಂಡು ಕಾಯಾನಿಯ ಅಂಗಡಿಗೆ ಹೋದ. ಗೋಡೆಯ ಕೊನೆಯ ಹಗುರ ರೈಫಲ್ ಅಲ್ಲೇ ಇತ್ತು. ಅಂಗಡಿಯಲ್ಲಿ ಗಿರಾಕಿಗಳೂ ಇದ್ದರು, ಅದೊಂದು ಬೇರೆ ಕರ್ಮ.

"ಈ ಮೂರನ್ನೂ ಇಟ್ಕೊಂಡು ಅದನ್ನ ಕೊಡು. ಪೊಲೀಸರ ಪರವಾನಗಿ ಬಂದ ಕೂಡ್ಲೇ ಬಂದು ಒಯ್ತೀನಿ."

"ಕೊನೆಗೂ ಹೆಂಡ್ತಿಗೆ ತಗೊಂಡ್ರಿ ಅನ್ನಿ!"

"ನಂಗೇ" ಎಂದ ರೌನೊ. ಸ್ವರ ಬೇಕಾದ್ದಕ್ಕಿಂತ ಜೋರಾಯಿತು. "ದೊಡ್ಡದು ಹಿಡಿದ್ರೆ ಹೆದರಿಕೆಯಾಗುತ್ತೆ. ಕಣ್ಣು ಮುಚ್ಕೋತೀನಿ. ಇದು ಕೊಂಬೆ ತಾಗಿದ್ದಲ್ಲ" ಎಂದು ಹುಬ್ಬು ತೋರಿಸಿದ.

ಗಿರಾಕಿಗಳು ತೋಟಾದ ಪೆಟ್ಟಿಗೆಗಳನ್ನು ಓದುವವರಂತೆ ಆ ಕಡೆ ತಿರುಗಿದರು. ಮಾತಿನ ಮಲ್ಲ ಹಗುರ ರೈಫಲ್ಲನ್ನು ಇಳಿಸಿ ತಂದು ಮೇಜಿನ ಮೇಲಿಟ್ಟ. ಆಮೇಲೆ ಅತ್ತಿತ್ತ ನೋಡಿ, ಟೊಪ್ಪಿಯನ್ನು ಹಣೆಯ ಮೇಲಕ್ಕೆ ಸರಿಸಿದ. ಬಲ ಹುಬ್ಬಿನ ಮೇಲೆ ಅರ್ಧಚಂದ್ರದಂಥ ಹಳೆಯ ಗಾಯವಿತ್ತು.

"ನಾನು ಕಾರಿನ ಬಾಗಿಲು ತಾಗ್ತು ಅಂತ ಹೇಳಿದೀನಿ" ಎಂದ ಅಂಗಡಿಯವನು ಸಣ್ಣ ದನಿಯಲ್ಲಿ. ಟೊಪ್ಪಿಯನ್ನು ಮತ್ತೆ ಕೆಳಗೆಳೆದುಕೊಂಡ.