ವಯಾರ್ತಾದಲ್ಲಿ ಎಲ್ಲಿ ಉಣ್ಣಬೇಕು?

‘ಇವತ್ತು ಊಟಕ್ಕೆ ಏನು?’ ಎಂಬ ಪ್ರಶ್ನೆಯನ್ನು ನಾನು ಜೀವಮಾನದಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ‘ಇವತ್ತು ಊಟ ಎಲ್ಲಿ?’ ಎಂದು ಕೇಳುವ ಸಂದರ್ಭ ಮಾತ್ರ ಐವತ್ತು ದಾಟುವವರೆಗೂ ಬಂದಿರಲಿಲ್ಲ. ಮೊದಲನೆಯದು ಪಾಕಶಾಸ್ತ್ರದ ಪ್ರಶ್ನೆ, ಎರಡನೆಯದು ಭೂಗೋಳದ್ದು. ಲಂಡನ್ನಿನ ಅಂಚಿನ ಪಿನ್ನರ್‌ನ ನಮ್ಮ ಮನೆಯಲ್ಲಿ ಭೂಗೋಳವೆಂದರೆ ಒಲೆಗೂ ಊಟದ ಮೇಜಿಗೂ ನಡುವಿನ ಅಂತರ. ಅದನ್ನು ಕ್ರಮಿಸುತ್ತಿದ್ದವಳು ನನ್ನ ಹೆಂಡತಿ ವಿಮಲಾ.

ವಿಮಲಾ ಧಾರವಾಡದವಳು, ಅಲ್ಲೇ ಹತ್ತಿರದ ಕಿಂಗ್ಸ್‌ಬರಿಯಲ್ಲಿ ಜಿ.ಪಿ., ಅಂದರೆ ಬಡಾವಣೆಯ ಡಾಕ್ಟರು. ನಾನು ಮೈಸೂರಿನವನು, ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಜನರನ್ನು ಮಲಗಿಸುವುದು ನನ್ನ ವೃತ್ತಿ, ನಾನೇ ಮಲಗುವುದು ಪ್ರವೃತ್ತಿ. ಸಂಜೆ ಇಬ್ಬರೂ ದಣಿದು ಬಂದು ಕೋಟು ಕಳಚಿದ ಮೇಲೆ ನಾನು ಸೋಫಾ ಹಿಡಿದರೆ ಅವಳು ಸೌಟು ಹಿಡಿಯುತ್ತಿದ್ದಳು. ರಜೆಯಲ್ಲಿ ವೇಲ್ಸಿಗೋ ಕಾರ್ನ್‌ವಾಲ್‌ಗೋ ಹೊರಟರೂ ಕಾರಿನ ಹಿಂಬದಿಯಲ್ಲಿ ಕುಕ್ಕರು ಸಾಂಬಾರಪುಡಿಗಳ ಸಮೇತ ವಿರಾಜಮಾನವಾಗಿರುತ್ತಿತ್ತು. ನಾವು ಇಳಿದುಕೊಳ್ಳುತ್ತಿದ್ದ ಮನೆಗಳಿಗೆ ‘ಸೆಲ್ಫ್ ಕೇಟರಿಂಗ್’, ಅಂದರೆ ಅಡುಗೆ ನೀವೇ ಮಾಡಿಕೊಳ್ಳಿ, ಎಂಬ ಬೋರ್ಡು. ಆ ‘ಸೆಲ್ಫ್’ ಯಾರು ಎಂಬ ಆತ್ಮಜಿಜ್ಞಾಸೆಗೆ ನಾನು ಎಂದೂ ಕೈಹಾಕಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮದುವೆಯ ಬೆಳ್ಳಿಹಬ್ಬ ಬಂತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮಗಳು ಅನು ಪೆಸಿಫಿಕ್ ದಂಡೆಯ ಮೆಕ್ಸಿಕನ್ ಊರೊಂದಕ್ಕೆ ಎರಡು ಟಿಕೆಟ್ಟು ತಂದು ಮುಂದಿಟ್ಟಳು. ಪುವೆರ್ತೊ ವಯಾರ್ತಾ, ಬರೆಯುವಾಗ ಎರಡು ‘ಎಲ್’ ಬೇಕು, ಹೇಳುವಾಗ ಒಂದೂ ಬೇಡ. “ದೇರ್ ಈಸ್ ನೋ ಕಿಚನ್ ಇನ್ ದ ರೂಮ್, ಅಮ್ಮಾ,” ಎಂದು ಅವಳು ಶುಭಸಮಾಚಾರದಂತೆ ಸಾರಿದಾಗ ನಾನು ಕುಕ್ಕರಿನ ಕಡೆ ನೋಡಿದೆ. ವಿಮಲಾ ಟಿಕೆಟ್ಟನ್ನು ತಿರುಗಿಸಿ ನೋಡಿ, “ಬರ್ತೀನಿ. ಆದ್ರ ಅಲ್ಲೆ ನಾ ಒಂದು ಚಮಚಾ ಸುದ್ದಾ ತೊಳಿಯೂದಿಲ್ಲ. ಎಲ್ಲೆ ಉಣ್ಣೂದು ಅಂತ ನೀವ ನೋಡ್ರಿ,” ಎಂದಳು.

ಅನ್ನದ ಖಾತೆ ಹೀಗೆ ನನ್ನ ಕೈಗೆ ಬಂತು. ಲೈಬ್ರರಿಯಿಂದ ಮಾರ್ಗದರ್ಶಿ ತಂದೆ, ಸ್ಪ್ಯಾನಿಷ್ ಕೈಪಿಡಿ ಕೊಂಡೆ, ಮಂಗಳೂರಿನ ಗೆಳೆಯ ಶೆಣೈಗೆ ಫೋನು ಮಾಡಿದೆ. “ಮೀನು ತಿನ್ನದವರಿಗೆ ಅಲ್ಲಿ ಎಂತ ಉಂಟು ಮಾರಾಯ್ರೆ? ಸಮುದ್ರ ನೋಡಿ ಬನ್ನಿ,” ಎಂದರು ಅವರು.

ಮೊದಲ ಸಂಜೆ ಸಮುದ್ರಕ್ಕೆ ಮುಖಮಾಡಿದ, ಮೇಣದಬತ್ತಿಯ ಬೆಳಕಿನ ರೆಸ್ಟೋರೆಂಟಿನಲ್ಲಿ ಕುಳಿತು, ವಿಮಾನದಲ್ಲೆಲ್ಲ ಉರುಹೊಡೆದಿದ್ದ ‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲದೆ, ಎಂಬ ಮಂತ್ರವನ್ನು ಸ್ವರಶುದ್ಧವಾಗಿ ಉಚ್ಚರಿಸಿದೆ. ಪರಿಚಾರಕ ಸಂತುಷ್ಟನಾಗಿ ಹೋಗಿ ಕೋಳಿ ತಂದ. ಆ ಪದ ಅಲ್ಲಿ ಮುಖ್ಯವಾಗಿ ದನದ ಮಾಂಸಕ್ಕೆ ಸಲ್ಲುತ್ತದೆಂದೂ, ಕೋಳಿ ಆ ವ್ಯಾಪ್ತಿಗೆ ಬಾರದ ಸಾಧುಪ್ರಾಣಿಯೆಂದೂ ಕೈಪಿಡಿಯಲ್ಲಿರಲಿಲ್ಲ. ಮರುದಿನ ಹುರುಳಿಕಾಯಿಯ ಬಂಧುವಿನಂತಿದ್ದ ಕಾಳಿನ ಖಾದ್ಯ ಸಿಕ್ಕಿತು. ಅರ್ಧ ತಿಂದಾದ ಮೇಲೆ, ಅದರ ರುಚಿಯ ರಹಸ್ಯ ಹಂದಿಯ ಕೊಬ್ಬು ಎಂದು ಪಕ್ಕದ ಮೇಜಿನವರು ಪ್ರೀತಿಯಿಂದ ತಿಳಿಸಿದರು. ಅದರ ಮರುದಿನ ‘ಇಂಡಿಯಾ’ ಎಂಬ ಹೆಸರನ್ನೇ ನಂಬಿ ಬೆಟ್ಟ ಹತ್ತಿ ಹೋದೆವು. ಅಲ್ಲಿ ಆ ಪದಕ್ಕೆ ಆ ನಾಡಿನ ಮೂಲನಿವಾಸಿ ಹೆಂಗಸು ಎಂದರ್ಥ; ಅದು ಕುಸುರಿಯ ರವಿಕೆ ಮಾರುವ ಅಂಗಡಿ.

ಆ ರಾತ್ರಿ ಬಾಳೆಹಣ್ಣು ಸುಲಿಯುತ್ತ ವಿಮಲಾ ಹೇಳಿದಳು: “ಮನ್ಯಾಗಿದ್ರ ಇಷ್ಟೊತ್ತಿಗೆ ಬಿಸಿ ಅನ್ನ, ಸಾರು ಆಗ್ತಿತ್ತು.” ಆ ಮಾತಿನಲ್ಲಿ ನನಗೆ ಹಸಿರು ದೀಪ ಕಂಡಿತು. “ಹೋಟೆಲಿನವರನ್ನ ಕೇಳಿ ಒಂದು ಸಣ್ಣ ಸ್ಟೋವ್ ತರಿಸ್ಲಾ?” ಎಂದುಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ಸಿಟ್ಟಿಗೆ ನನ್ನ ಬಳಿ ಮದ್ದುಗಳಿದ್ದವು. ಅವಳು ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ಗೋಡೆಯ ಕಡೆ ತಿರುಗಿ ಮಲಗಿದಳು. ಅಷ್ಟು ಜನರನ್ನು ನಿದ್ದೆಗೆ ದೂಡಿದ ನನಗೆ ಅಂದು ನಿದ್ದೆ ಬರಲಿಲ್ಲ.

ಅದರ ಬಾಕಿಯನ್ನು ಮರುದಿನ ಮಧ್ಯಾಹ್ನ ತೀರಿಸಿಕೊಂಡು ಎದ್ದಾಗ ಕೋಣೆಯಲ್ಲಿ ವಿಮಲಾ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ. ಸಮುದ್ರದಂಡೆಯಲ್ಲಿಲ್ಲ, ಚರ್ಚಿನ ಮೆಟ್ಟಿಲಲ್ಲಿಲ್ಲ, ರವಿಕೆಯ ಅಂಗಡಿಯಲ್ಲೂ ಇಲ್ಲ. ಸ್ಟೋವ್ ಎಂಬ ಎರಡಕ್ಷರಕ್ಕೆ ಒಂದು ಸಂಸಾರ ಬಲಿಯಾಯಿತೇ ಎಂದು ಬೆವರುತ್ತ ನದಿಯ ಪಕ್ಕದ ಗಲ್ಲಿಗೆ ಹೊಕ್ಕರೆ, ದೊಡ್ಡ ನಗು ಕೇಳಿಸಿತು. ತಗಡಿನ ಮಾಡಿನ ಕೆಳಗೆ, ಕಾದ ಹೆಂಚಿನ ಎದುರು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ವಿಮಲಾ ಕೂತಿದ್ದಳು. ಮೂಗಿನ ತುದಿ ಖಾರಕ್ಕೆ ಕೆಂಪಾಗಿತ್ತು.

“ಬಂದ್ರ್ಯಾ? ಕೂಡ್ರಿ,” ಎಂದಳು, ಪಿನ್ನರ್ ಪಕ್ಕದ ಹ್ಯಾರೋದಲ್ಲಿ ಬಸ್ಸಿಗೆ ಕಾಯುತ್ತಿದ್ದವನು ಸಿಕ್ಕಂತೆ. ಆಮೇಲೆ ಒಲೆಯ ಹಿಂದಿದ್ದ ದಪ್ಪನೆಯ ಹೆಂಗಸಿಗೆ ನನ್ನನ್ನು ತೋರಿಸಿ, ಹಣೆಯ ಮೇಲೆ ಎರಡು ಬೆರಳಿನ ಕೊಂಬು ಮೂಡಿಸಿ ‘ಬ್ಯಾಡ’ ಎಂದು ತಲೆಯಾಡಿಸಿದಳು. ಮೊಣಕೈಗಳನ್ನು ರೆಕ್ಕೆಯಂತೆ ಬಡಿದು, ಬ್ಯಾಡ. ಅಂಗೈಯನ್ನು ಮೀನಿನಂತೆ ಈಜಿಸಿ, ಬ್ಯಾಡ. ಕೊನೆಗೆ ಮೂಗನ್ನು ಮೇಲಕ್ಕೆತ್ತಿ ಹಂದಿಯಂತೆ ಗುರುಗುಟ್ಟಿದಾಗ ಗಲ್ಲಿಯೇ ಚಪ್ಪಾಳೆ ತಟ್ಟಿತು.

“ನಿನಗೆ ಇವರ ಭಾಷೆ ಎಲ್ಲಿ ಬರುತ್ತೆ?” ಎಂದೆ, ಕೈಪಿಡಿಯನ್ನು ಜೇಬಿನಾಳಕ್ಕೆ ತಳ್ಳುತ್ತ.

“ಕ್ಲಿನಿಕ್ಕಿಗೆ ಬರೋ ಮುದುಕೇರ ಭಾಷಾ ಎಲ್ಲಾ ನನಗ ಬರ್ತಾವೇನು? ಎಲ್ಲೆ ನೋಯ್ತದ ಅಂತ ತಿಳಕೊಳ್ಳೂದಿಲ್ಲೇನು?”

ಬಿಸಿ ತಟ್ಟೆ ಬಂತು: ಮೆಕ್ಕೆಜೋಳದ ಹಿಟ್ಟಿನ ಹಾಳೆಯೊಳಗೆ ಕುಂಬಳದ ಹೂವು, ಚೀಸು, ಪಕ್ಕದಲ್ಲಿ ಮುಳ್ಳು ತೆಗೆದ ಪಾಪಾಸುಕಳ್ಳಿಯ ಪಲ್ಯ, ಮೇಲೆ ಹಿಂಡಿದ ನಿಂಬೆ. ಒಂದು ತುತ್ತಿಗೇ ನಾನು ಭಾವುಕನಾಗಿ, “ಥೇಟ್ ನಿಮ್ಮ ಧಾರವಾಡದ ರೊಟ್ಟಿ ಕಣೇ!” ಎಂದೆ, ಸೋತ ಗಂಡನ ರಾಜಿಸೂತ್ರ.

“ಏನಲ್ಲ. ರೊಟ್ಟಿ ಬ್ಯಾರೆ, ಇದು ಬ್ಯಾರೆ. ಹೋದಲ್ಲೆಲ್ಲಾ ರೊಟ್ಟಿ ಹುಡುಕಬ್ಯಾಡ್ರಿ. ಸುಮ್ನ ತಿನ್ರಿ.”

ತಿಂದೆ. ನಿಜ, ಬೇರೆಯೇ ಆಗಿತ್ತು. ವಲಸೆ ಬಂದ ನಾವು ಪರದೇಶದ ಎಲ್ಲ ಹಣ್ಣಿಗೂ ನಮ್ಮೂರಿನ ಹಣ್ಣಿನ ಹೆಸರಿಟ್ಟು, ಆಮೇಲೆ ಅದು ಅಷ್ಟು ಸಿಹಿಯಿಲ್ಲವೆಂದು ಮುಖ ಕಿವಿಚುವವರು; ನಾಲಿಗೆಗೂ ಒಂದು ರಜೆ ಬೇಕೆಂದು ನನಗೆ ಹೊಳೆದದ್ದು ಆ ಕಳ್ಳಿಯನ್ನು ಅಗಿಯುವಾಗ. ಉಳಿದ ದಿನಗಳಲ್ಲಿ ಊಟ ಎಲ್ಲಿ ಎಂದು ನಾನು ಕೇಳಲಿಲ್ಲ. ಅವಳು ನಡೆದಲ್ಲಿಗೆ ನಡೆದೆ.

ಪಿನ್ನರ್‌ಗೆ ಮರಳಿದ ಶನಿವಾರ ಸಂಜೆ ನಾನು ಅಭ್ಯಾಸಬಲದಿಂದ ಸೋಫಾ ಹಿಡಿದಿದ್ದೆ. ವಿಮಲಾ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. “ಏಳ್ರಿ, ಹೊರಗ ಉಣ್ಣೂಣು.” ಎಲ್ಲಿ ಎಂದು ಕೇಳಹೊರಟವನು ಎದ್ದು ಕೋಟು ತೊಟ್ಟೆ. ಸಾವಿರಾರು ಮೈಲಿ ದೂರದ ಊರಿನಲ್ಲಿ ಎಲ್ಲಿ ತಿನ್ನಬೇಕೆಂದು ಯಾರಿಗಾದರೂ ಹೇಳಬಲ್ಲ ನನಗೆ ನನ್ನ ಸ್ಟೇಷನ್ ರಸ್ತೆಯಲ್ಲಿ ಒಂದು ಬಾಗಿಲೂ ಗೊತ್ತಿರಲಿಲ್ಲ. ತುಂತುರಿನಲ್ಲಿ ನಡೆದು, ಗಾಜಿನ ತುಂಬ ಹಬೆ ಕಟ್ಟಿದ್ದ ಒಂದು ಸಣ್ಣ ಕೆಫೆಯನ್ನು ಅವಳೇ ಆರಿಸಿ ಒಳನುಗ್ಗಿದಳು.

ಮೇಜು ಒರೆಸಿಕೊಟ್ಟ ಹೆಂಗಸು, ನಿಮ್ಮನ್ನು ಈ ಕಡೆ ನೋಡಿಯೇ ಇಲ್ಲವಲ್ಲ, ಹೊಸದಾಗಿ ಬಂದಿರಾ, ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಹತ್ತೊಂಬತ್ತು ವರ್ಷಗಳಿಂದ ಅದೇ ಬೀದಿಯಲ್ಲಿ ರೈಲಿಗೆ ಓಡಿದ ನಾನು ಕೆಮ್ಮಿದೆ.

“ಹೌದು,” ಎಂದಳು ವಿಮಲಾ, ಮೆನು ಬಿಡಿಸುತ್ತ. “ಈ ವಾರವಷ್ಟೇ.”