ಮರಳದ ಎಸರು

ಊರೂರು ಸುತ್ತುವ ಆಸ್ಪತ್ರೆ ಟ್ರೇಲರಿನ ಬ್ಯಾಟರಿ ತುಂಬಿಸುವ ಹಳೇ ಕನ್ವರ್ಟರ್ ಕಿತ್ತು ಹೊಸ ಚಾರ್ಜರ್ ಕೂರಿಸಲು ಹಾಸನೂರಿಗೆ ಹೋಗಿದ್ದೆ. ಮರುದಿನ ಅದು ಕರೆಂಟಿಲ್ಲದ ಕಾಡಿನೂರುಗಳಿಗೆ ಹೊರಡಬೇಕಿತ್ತು. ಅಲ್ಲಿ ಮಕ್ಕಳ ಲಸಿಕೆ ಇಟ್ಟ ಫ್ರಿಜ್ಜಿಗೆ ಬ್ಯಾಟರಿಯೇ ಗತಿ. ಚಾರ್ಜರ್ ಹಾಕಿ, ಬ್ಯಾಟರಿಯ ಆರೂ ಕೋಣೆಗಳ ಮುಚ್ಚಳ ತೆಗೆದು ಮೀಟರ್ ಹಿಡಿದೆ. ಹನ್ನೆರಡು ವೋಲ್ಟಿನ ಬ್ಯಾಟರಿ, ಮುಳ್ಳು ಹದಿನಾಲ್ಕು ದಾಟಿತ್ತು. "ಮುಗೀತು" ಅಂದೆ, ಸ್ವಲ್ಪ ಜೋರಾಗಿಯೇ.

ಮಂಡಿನೋವಿಗೆ ಮಾತ್ರೆ ಕೇಳಲು ಬಂದಿದ್ದ ಅಜ್ಜಿಯೊಬ್ಬಳು, ಚಾರ್ಜ್ ಆಗುತ್ತಾ ಒಳಗಿನ ಆಸಿಡ್ ನೀರು ಗುಳುಗುಳು ಅನ್ನುತ್ತಿದ್ದ ಬ್ಯಾಟರಿಯತ್ತ ಬಗ್ಗಿ ಕಿವಿಗೊಟ್ಟಳು.

"ಐದು ಮಡಕೇಲಿ ಎಸ್ರು ಮರಳ್ತಾ ಅದ. ಒಂದು ತಣ್ಣಗ ಕೂತದ ಕಣಪ್ಪ."

"ಮೀಟರ್ ಸರಿಯಾಗೇ ತೋರಿಸ್ತಿದೆ, ಅಜ್ಜಿ."

"ಅದು ಏನಾರ ಏಳ್ಲಿ ಬುಡು. ನಮ್ ಒಲದ ಆನ ಬೇಲಿಗೂ ಇಂತದ್ದೇ ಬ್ಯಾಟ್ರಿ. ಒಂದು ಮಡಕ ಮರಳ್ದೆ ಓದ್ರ ಆನಗ ಗೊತ್ತಾಯ್ತದ. ನಮಗ ಗೊತ್ತಾಗದು ಬ್ಯಾಡ್ವಾ?"

ನಗು ಬಂದರೂ ಚಾರ್ಜರ್ ಬಿಡಿಸಿ, ಬರೀ ಬ್ಯಾಟರಿಯ ಮೇಲೆ ಫ್ರಿಜ್ ಓಡಿಸಿ ನೋಡಿದೆ. ಮೀಟರಿನ ಮುಳ್ಳು ಹತ್ತಕ್ಕೆ ಕುಸಿಯಿತು. ಒಂದು ಕೋಣೆ ನಿಜಕ್ಕೂ ಸತ್ತಿತ್ತು. ನನ್ನ ಹೊಸ ಚಾರ್ಜರೇ ಮೀಟರಿಗೆ ತನ್ನ ವೋಲ್ಟ್ ತೋರಿಸಿ ಅದನ್ನು ಮುಚ್ಚಿಟ್ಟಿತ್ತು. ಸಂಜೆಯೊಳಗೆ ಸತ್ಯಮಂಗಲದಿಂದ ಬೇರೆ ಬ್ಯಾಟರಿ ತರಿಸಿದೆ. ಅದರ ಆರೂ ಎಸರು ಮರಳಿದ್ದನ್ನು ಅಜ್ಜಿಯೇ ಕೇಳಿ ಒಪ್ಪಿಗೆ ಕೊಟ್ಟಳು.

ಈಗಲೂ ಮೀಟರ್ ಹಿಡಿಯುವ ಮೊದಲು ಬ್ಯಾಟರಿ ಮುಂದೆ ತಲೆ ಬಗ್ಗಿಸಿ ಕಿವಿಗೊಡುತ್ತೇನೆ. ನೋಡಿದವರು ನಾನು ಬ್ಯಾಟರಿಗೆ ನಮಸ್ಕಾರ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ನಮಸ್ಕಾರವೇನೋ ನಿಜ, ಅದು ಬ್ಯಾಟರಿಗಲ್ಲ ಅಷ್ಟೇ.